ಕಲಿಯುವ ಕೈಗೆ ಕೊಟ್ಟ ಬಾಯಿ

‘ತ ಥ ದ ಧ ನ, ಇವು ದಂತ್ಯಗಳು. ನಾಲಿಗೆಯ ತುದಿ ಹಲ್ಲಿಗೆ ತಾಗಿದಾಗ ಹುಟ್ಟುವಂಥವು’ ಎಂದು 31 ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ನಿವೃತ್ತನಾದ ನಾಲ್ಕನೆಯ ವರ್ಷ ಕೊನೆಯ ಹಲ್ಲೂ ಉದುರಿಹೋದಾಗ ಆ ಪಾಠ ನನಗೇ ಸರಿಯಾಗಿ ಅರ್ಥವಾಯಿತು. ಮೊಮ್ಮಗಳು ‘ತಾತ, ದನ ಅನ್ನು’ ಎನ್ನುವಳು. ನಾನು ಅನ್ನುವೆ. ಅವಳು ಬಿದ್ದು ಬಿದ್ದು ನಗುವಳು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಮಾಡಿದವನು ನಿವೃತ್ತ ಮೇಷ್ಟ್ರೇ ಇರಬೇಕು.

ಪೇಟೆಯ ಡಾಕ್ಟರು ಹೇಳಿದ ಮೊತ್ತ ನನ್ನ ಒಂದೂವರೆ ತಿಂಗಳ ಪಿಂಚಣಿಯಷ್ಟಿತ್ತು. ‘ದಂತ ಕಾಲೇಜಿಗೆ ಹೋಗಿ ಮಾವ, ಅದರ ಕಾಲುಭಾಗದಲ್ಲಿ ಮುಗಿಯುತ್ತೆ’ ಎಂದ ನನ್ನ ಅಳಿಯ. ನನ್ನಾಕೆಗೆ ಮಾತ್ರ ಸಮಾಧಾನವಿಲ್ಲ. ‘ಕಲಿಯೋ ಹುಡುಗರ ಕೈಗೆ ಬಾಯಿ ಕೊಡ್ತೀರಾ? ಕ್ಷೌರ ಕಲಿಯೋಕೆ ನಿಮ್ಮ ತಲೆಯೇ ಬೇಕಾಗಿತ್ತಾ?’

ಇದು 2018ರ ಮಾತು. ಆ ಕಾಲೇಜಿನ ಕ್ಲಿನಿಕ್ಕು ಒಂದು ದೊಡ್ಡ ಹಜಾರ. ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಗೊಂದು ನಂಬರು, ಪ್ರತಿ ನಂಬರಿಗೊಂದು ಬಿಳಿ ಕೋಟು. ಕೆಳಗಡೆ ಚೀಟಿ ಮಾಡಿಸಿ, ಬಾಯಿ ತೋರಿಸಿ, ‘ಹಲ್ಲಿನ ಸೆಟ್ಟು’ ಎಂದು ಬರೆಸಿಕೊಂಡು ಮೇಲಿನ ಮಹಡಿಗೆ ಹೋದೆ. ಬಾಗಿಲಲ್ಲೇ ಮೂರು ಹುಡುಗರು ನನ್ನ ಬಾಯಿಯನ್ನೇ ನೋಡುತ್ತ ಕಾದಿದ್ದರು. ಜೀವಮಾನದಲ್ಲಿ ನನಗೆ ಅಷ್ಟೊಂದು ಬೇಡಿಕೆ ಬಂದದ್ದು ಅದೇ ಮೊದಲು. ಪ್ರತಿ ವಿದ್ಯಾರ್ಥಿಯೂ ವರ್ಷದೊಳಗೆ ಇಂತಿಷ್ಟು ಸೆಟ್ಟು ಮಾಡಿ, ಒಂದೊಂದು ಹಂತಕ್ಕೂ ಅಧ್ಯಾಪಕರ ರುಜು ಹಾಕಿಸಿಕೊಳ್ಳಬೇಕಂತೆ. ಲೆಕ್ಕ ತುಂಬದಿದ್ದರೆ ಕಷ್ಟ. ಹಲ್ಲಿಲ್ಲದ ಮುದುಕರನ್ನು ಹುಡುಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದವರೂ, ಸ್ವಂತ ದುಡ್ಡಿನಲ್ಲಿ ಆಟೋ ಮಾಡಿ ಕರೆತಂದವರೂ ಅಲ್ಲಿದ್ದರು.

ನಾನು ಸಿಕ್ಕಿದ್ದು ಕೊಪ್ಪಳದ ಕಡೆಯ ಒಬ್ಬ ಹುಡುಗಿಗೆ. ಕೊನೆಯ ವರ್ಷದವಳು. ‘ಅಜ್ಜಾರ, ಬಾಯಿ ಅಗಲ ಮಾಡ್ರಿ. ನೋವಾದ್ರ ಎಡಗೈ ಎತ್ರಿ’ ಎಂದಳು. ನೋವಾಗುವಂಥದ್ದು ಆ ದಿನ ಏನೂ ಇರಲಿಲ್ಲ. ಅವಳ ಕೈ ನಡುಗುತ್ತಿತ್ತು, ಅಷ್ಟೆ.

ಹಲ್ಲಿನ ಸೆಟ್ಟು ಎಂದರೆ ಅಂಗಡಿಯಲ್ಲಿ ಚಪ್ಪಲಿ ಕೊಂಡಂತೆ ಎಂದು ನಾನು ತಿಳಿದಿದ್ದೆ. ಅಲ್ಲ. ಮೊದಲು ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಮೇಣದಂಥ ಉಂಡೆಯನ್ನು ಒತ್ತಿ ವಸಡಿನ ಒರಟು ಅಚ್ಚು ತೆಗೆಯುತ್ತಾರೆ. ಅದರ ಮೇಲೆ ಗಾರೆಯಂಥ ಪುಡಿ ಕಲಸಿ ಸುರಿದು, ನಮ್ಮ ಬಾಯಿಗೇ ಹೊಂದುವ ತಟ್ಟೆಯೊಂದನ್ನು ಮಾಡುತ್ತಾರೆ. ಆಮೇಲೆ ಹಸಿರು ಕಡ್ಡಿಯೊಂದನ್ನು ದೀಪಕ್ಕೆ ಹಿಡಿದು ಕರಗಿಸಿ, ಆ ತಟ್ಟೆಯ ಅಂಚಿಗೆ ಹಚ್ಚಿ, ಬಾಯಿಯಲ್ಲಿಟ್ಟು ಕೆನ್ನೆ ಎಳೆದು, ತುಟಿ ಎಳೆದು, ನಾಲಿಗೆ ಚಾಚಿಸಿ ಅಂಚಿನ ಎಲ್ಲೆ ಗುರುತಿಸುತ್ತಾರೆ. ಕೊನೆಗೆ ಲವಂಗದ ವಾಸನೆಯ ಪೇಸ್ಟು ಬಳಿದು ಸೂಕ್ಷ್ಮವಾದ ಅಚ್ಚು. ಆ ಅಚ್ಚನ್ನು ಹುಡುಗಿ ಎರಡು ಕೈಯಲ್ಲಿ ಪ್ರಸಾದದಂತೆ ಹಿಡಿದುಕೊಂಡು ಮೇಡಮ್ಮಿನ ಹತ್ತಿರ ಹೋದಳು. ಮೇಡಂ ಬೆಳಕಿಗೆ ಹಿಡಿದು ನೋಡಿದರು. ‘ಮತ್ತೆ ತೆಗಿ’ ಎಂದರು. ಎರಡನೆಯ ಸಲವೂ ‘ಮತ್ತೆ ತೆಗಿ.’ ಮೂರನೆಯ ಸಲಕ್ಕೆ ರುಜು ಬಿತ್ತು. ಅಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಹುಡುಗಿಯ ಕಣ್ಣು ತುಂಬಿತ್ತು. ನನಗೆ ಮೇಡಂ ಮೇಲೆ ಕೋಪ ಬಂದಿತ್ತು.

ಮುಂದಿನ ಸಲ ಮೂಗಿನ ತುದಿಗೂ ಗಲ್ಲಕ್ಕೂ ಒಂದೊಂದು ಚುಕ್ಕೆಯಿಟ್ಟು ಅಳತೆ ಮಾಡಿದಳು. ದವಡೆ ಸುಮ್ಮನಿದ್ದಾಗ ಎಷ್ಟು, ಕಚ್ಚಿದಾಗ ಎಷ್ಟು ಎಂಬ ಲೆಕ್ಕ. ಎರಡರ ನಡುವೆ ಎರಡರಿಂದ ನಾಲ್ಕು ಮಿಲಿಮೀಟರಿನ ಬಿಡುವು ಇರಬೇಕಂತೆ. ಇಲ್ಲದಿದ್ದರೆ ಮಾತಾಡುವಾಗ ಹಲ್ಲು ಹಲ್ಲಿಗೆ ಬಡಿಯುತ್ತದೆ. ಮೇಣದಲ್ಲಿ ಹಲ್ಲು ಜೋಡಿಸಿ ಪರೀಕ್ಷಿಸುವ ದಿನ ‘ಸಾಸಿವೆ, ಸಂಸಾರ ಅನ್ರಿ ಅಜ್ಜಾರ’ ಎಂದಳು. ನಾನು ಸಂಸಾರದ ಜೊತೆಗೆ ಇಡೀ ತವರ್ಗವನ್ನೇ ಒಪ್ಪಿಸಿದೆ. ನಾನು ಮೇಷ್ಟ್ರು ಎಂಬುದು ಆಗ ತಿಳಿದು ‘ಸರ’ ಎನ್ನತೊಡಗಿದಳು.

ಕಾಯುವ ಹೊತ್ತಿನಲ್ಲಿ ಅವಳಿಂದ ತಿಳಿದದ್ದು ಬಹಳ. ಓದು ನಾಲ್ಕು ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಷಿಪ್. ಮೊದಲ ವರ್ಷ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುವುದು. ಎರಡನೆಯ ವರ್ಷ ಗೊಂಬೆಯ ತಲೆಯ ಮೇಲೆ ಅಭ್ಯಾಸ. ಮೂರನೆಯ ವರ್ಷ ಜೀವವಿರುವ ಬಾಯಿ. ‘ಗೊಂಬಿ ನಾಲಿಗಿ ಹೊರಳಸಂಗಿಲ್ಲ ಸರ, ಉಗುಳೂದಿಲ್ಲ, ಅಂಜೂದಿಲ್ಲ’ ಎಂದಳು. ಗೊಂಬೆಯಿಂದ ಮನುಷ್ಯನಿಗೆ ದಾಟುವ ಆ ಒಂದು ಹೆಜ್ಜೆಗೆ ಯಾರಾದರೊಬ್ಬರು ಬಾಯಿ ತೆರೆಯಲೇಬೇಕು. 1920ರಲ್ಲಿ ಡಾ. ರಫೀಉದ್ದೀನ್ ಅಹ್ಮದ್ ಅವರು ಕಲ್ಕತ್ತದಲ್ಲಿ ನಮ್ಮ ದೇಶದ ಮೊದಲ ದಂತ ಕಾಲೇಜು ತೆರೆದಾಗಲೂ, 1958ರಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಶುರುವಾದಾಗಲೂ ಹಾಗೆ ಬಾಯಿ ತೆರೆದು ಕೂತವರಿದ್ದರಲ್ಲ! ಅವರ ಹೆಸರು ಯಾವ ಕಲ್ಲಿನ ಮೇಲೂ ಇರಲಾರದು.

ಸೆಟ್ಟು ಬಂತು. ಕನ್ನಡಿಯಲ್ಲಿ ಹತ್ತು ವರ್ಷ ಹಿಂದಿನ ನಾನು ಕಂಡೆ. ಮೇಲಿನದು ಗಟ್ಟಿಯಾಗಿ ಕೂತಿತು. ಕೆಳಗಿನದು ಹಾಗಲ್ಲ. ಹಲ್ಲು ಹೋದ ಮೇಲೆ ದವಡೆಯ ಎಲುಬು ಸವೆಯುತ್ತ ಹೋಗುತ್ತದೆ. ಕೆಳಗಡೆ ಈ ಸವೆತ ಹೆಚ್ಚು, ಜೊತೆಗೆ ನಾಲಿಗೆಯ ತಳ್ಳಾಟ ಬೇರೆ. ‘ನಾಳೆ ತಪ್ಪದೇ ಬರ್ರಿ ಸರ’ ಎಂದಳು. ಆ ರಾತ್ರಿ ಅನ್ನ ಸಾರು ಉಣ್ಣುವುದರೊಳಗೆ ಕೆಳವಸಡಿನ ಎಡಗಡೆ ಮುಳ್ಳು ಚುಚ್ಚಿದಂತಾಯಿತು. ಬೆಳಿಗ್ಗೆ ಹುಣ್ಣು.

ಮರುದಿನ ಹೋದರೆ ಇಂಟರ್ನಿ ಹುಡುಗನೊಬ್ಬ ಒಂದು ಹಾಳೆ ಹಿಡಿದು ಬಂದ. ಕ್ಲಿನಿಕ್ಕಿಗೆ ಬರುವವರ ಸಮಾಧಾನದ ಬಗ್ಗೆ ಅವರದೊಂದು ಅಧ್ಯಯನವಂತೆ. ಎಷ್ಟು ಹೊತ್ತು ಕಾದಿರಿ, ವಿವರಿಸಿ ಹೇಳಿದರೋ, ನೋವಾಯಿತೋ, ಚಿಕಿತ್ಸೆ ತೃಪ್ತಿ ತಂದಿತೋ? ಪ್ರತಿ ಪ್ರಶ್ನೆಗೂ ಐದು ಚೌಕ. ಅಷ್ಟು ದೂರದಲ್ಲಿ ಹುಡುಗಿ ನಿಂತಿದ್ದಳು. ಆ ಕಣ್ಣು ತುಂಬಿದ್ದು ನೆನಪಾಯಿತು. ಎಲ್ಲದಕ್ಕೂ ‘ಬಹಳ ತೃಪ್ತಿ’ ಎಂಬ ಚೌಕಕ್ಕೇ ಗೀಟು ಹಾಕಿದೆ. ‘ಹೇಗಿದೆ ಸರ?’ ಎಂದು ಅವಳು ಕೇಳಿದಾಗಲೂ ‘ಹೂವಿನ ಹಾಗಿದೆ ತಾಯಿ’ ಎಂದೆ.

ಮೇಡಂ ಬಂದರು. ಬಾಯಿ ತೆರೆಸಿದರು, ಬೆರಳಿನಿಂದ ಕೆನ್ನೆ ಸರಿಸಿದರು. ಹುಣ್ಣು ಕಂಡಿತು. ನನ್ನ ಹಾಳೆಯನ್ನೂ ನೋಡಿದರು. ಅವರು ಗದರಲಿಲ್ಲ. ‘ಮೇಷ್ಟ್ರೇ, ಉತ್ತರಪತ್ರಿಕೆ ಓದದೇ ಅಂಕ ಕೊಟ್ಟುಬಿಟ್ರಲ್ಲ. ಈ ಮಗು ಇನ್ನೊಂದು ವರ್ಷಕ್ಕೆ ಬೋರ್ಡು ಹಾಕ್ಕೊಳ್ತಾಳೆ. ಆಗ ಪಕ್ಕದಲ್ಲಿ ನಾನಿರೋದಿಲ್ಲ. ಅಂಚು ಉದ್ದ ಬಿಟ್ಟಿದ್ದೀನಿ ಅಂತ ಅವಳಿಗೆ ಹೇಳೋರು ಯಾರು?’ ಎಂದರು.

ನನಗೆ ಮಾತು ಹೊರಡಲಿಲ್ಲ. ನೆನಪಾದದ್ದು ಬೇರೆಯೇ. ಏಳನೆಯ ತರಗತಿಯಲ್ಲಿ ನನ್ನ ಹತ್ತಿರ ಒಬ್ಬ ಹುಡುಗನಿದ್ದ. ತಂದೆಯಿಲ್ಲದವನು. ಒತ್ತಕ್ಷರ ಬಂದರೆ ಓದು ನಿಂತುಹೋಗುತ್ತಿತ್ತು. ಪಾಪ ಎಂದು ಪಾಸು ಮಾಡಿದೆ. ಪಾಸು ಮಾಡಿದ್ದು ಸುಲಭದ ಕೆಲಸ, ದಿನಾ ಸಂಜೆ ಅರ್ಧ ಗಂಟೆ ಕೂರಿಸಿಕೊಳ್ಳುವುದು ಕಷ್ಟದ ಕೆಲಸ. ಎಷ್ಟೋ ವರ್ಷದ ಮೇಲೆ ಬ್ಯಾಂಕಿನಲ್ಲಿ ಎದುರಾದ. ಕಾಲಿಗೆ ನಮಸ್ಕಾರ ಮಾಡಿ, ‘ಸಾರ್, ಈ ಚಲನ್ನು ಸ್ವಲ್ಪ ತುಂಬಿಕೊಡ್ತೀರಾ?’ ಎಂದ. ತುಂಬಿಕೊಟ್ಟೆ. ಅವನ ಮುಖದಲ್ಲಿ ನನ್ನ ಮೇಲೆ ದೂರೇ ಇರಲಿಲ್ಲ. ಅದನ್ನು ಇಂದಿಗೂ ಮರೆಯಲಾಗಿಲ್ಲ.

ಹುಡುಗಿಯನ್ನು ಕರೆದೆ. ‘ತಾಯಿ, ಸುಳ್ಳು ಹೇಳಿದೆ. ಇಲ್ಲಿ ಚುಚ್ಚುತ್ತೆ. ರಾತ್ರಿಯೆಲ್ಲ ನಿದ್ದೆಯಿಲ್ಲ’ ಎಂದೆ. ಅವಳ ಮುಖ ಇಳಿಯಿತು. ಅರೆಗಳಿಗೆ ಅಷ್ಟೆ. ಸೆಟ್ಟಿನ ಒಳಮೈಗೆ ಬಿಳಿ ಪೇಸ್ಟು ಸವರಿ ಬಾಯಿಗಿಟ್ಟು ತೆಗೆದಳು. ಒತ್ತುವ ಜಾಗದಲ್ಲಿ ಪೇಸ್ಟು ಅಳಿಸಿ ಗುಲಾಬಿ ಬಣ್ಣ ಇಣುಕಿತ್ತು. ‘ಇಲ್ಲೈತಿ ನೋಡ್ರಿ ಮೇಡಂ’ ಎಂದಳು, ಕಳ್ಳನನ್ನು ಹಿಡಿದವಳ ಹಾಗೆ. ಉಜ್ಜಿ, ನಯ ಮಾಡಿ, ಮತ್ತೆ ಇಟ್ಟು ನೋಡಿದಳು. ಈ ಸಲ ಕೈ ನಡುಗಲಿಲ್ಲ. ವಾರ ಬಿಟ್ಟು ಇನ್ನೊಂದು ಸಲ, ಆಮೇಲೆ ಮತ್ತೊಂದು ಸಲ ಹೋದೆ. ಪ್ರತಿ ಸಲವೂ ಇದ್ದದ್ದನ್ನು ಇದ್ದಂತೆ ಹೇಳಿದೆ.

ಇಂಟರ್ನಿ ಹುಡುಗನಿಂದ ಹೊಸ ಹಾಳೆ ಕೇಳಿ ಪಡೆದೆ. ಕಾಯಿಸಿದ್ದಕ್ಕೆ ‘ಅತೃಪ್ತಿ’, ನೋವಿಗೆ ‘ಹೌದು’, ವಿವರಿಸಿ ಹೇಳಿದ್ದಕ್ಕೆ ‘ಬಹಳ ತೃಪ್ತಿ’. ‘ಎಲ್ಲರೂ ಒಂದೇ ಗೀಟು ಹಾಕಿ ಕೊಡ್ತಾರೆ ಸಾರ್, ನೀವೊಬ್ರು ಓದಿ ತುಂಬಿದ್ರಿ’ ಎಂದು ಅವನು ಹಲ್ಲು ಬಿಟ್ಟ.

ಈಗ ನಾನೂ ಬಿಡಬಲ್ಲೆ. ಕಡಲೆ ಇನ್ನೂ ದೂರವೇ, ಆದರೆ ರೊಟ್ಟಿ ಆಗುತ್ತದೆ. ಸಂಜೆ ಹೊತ್ತು ಪಕ್ಕದ ಬೀದಿಯ ಎರಡು ಮಕ್ಕಳು ಪುಸ್ತಕ ಹಿಡಿದು ಬರುತ್ತಾರೆ. ಒತ್ತಕ್ಷರ ತಪ್ಪಿದರೆ ‘ಪರವಾಗಿಲ್ಲ ಬಿಡು’ ಎನ್ನುವ ಮಾತು ಬಾಯಿಗೆ ಬರುತ್ತದೆ. ಆಗ ಕೆಳವಸಡಿನ ಎಡಗಡೆಗೆ ನಾಲಿಗೆ ತಾನಾಗಿಯೇ ಹೋಗುತ್ತದೆ. ‘ಮತ್ತೆ ಓದು’ ಎನ್ನುತ್ತೇನೆ.