69 ಪೌಂಡಿನ ಮೀನು, ಮುಳುಗಿದ ಊರು

ಸಂಗಾತಿಗಳೆ, ಪೋಸ್ಟು ಉದ್ದ ಇದೆ. ಬಸ್ಸಲ್ಲಿ ಕೂತೋ, ರಾತ್ರಿ ಊಟ ಆದ್ಮೇಲೋ ಓದಿ. ಮೀನಿನ ವಿಷಯ. ನಗಬೇಡಿ, ಕೊನೇ ತನಕ ಮೀನಿನ ವಿಷಯಾನೇ.

ಅಮೆರಿಕ, ಕೆನಡಾದ ತಣ್ಣನೆ ಕೆರೆಗಳಲ್ಲಿ ಮಸ್ಕಿ ಅಂತ ಒಂದು ಮೀನಿದೆ. ಪೂರ್ತಿ ಹೆಸರು ಮಸ್ಕೆಲಂಜ್. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಗೂ ಇದಕ್ಕೂ ಸಂಬಂಧ ಇಲ್ಲ, ಅಶೋಕನ ಶಾಸನ ಹುಡುಕೋಕೆ ಹೋಗಬೇಡಿ. ಮೊಸಳೆ ಮೂತಿ, ಮೈಮೇಲೆ ಪಟ್ಟೆ, ಬಾಯಿ ತುಂಬಾ ಸೂಜಿ ಹಲ್ಲು. ಬಾತುಕೋಳಿ ಮರೀನೂ ನುಂಗುತ್ತೆ. ಗಾಳಕ್ಕೆ ಸುಲಭಕ್ಕೆ ಬೀಳಲ್ಲ, ಹತ್ತು ಸಾವಿರ ಸಲ ಗಾಳ ಬೀಸಿದ್ರೆ ಒಂದು ಸಿಗುತ್ತೆ ಅನ್ನೋ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ವಿಸ್ಕಾನ್ಸಿನ್ ರಾಜ್ಯದ ಅಧಿಕೃತ ಮೀನು ಇದು. ಹೆಸರು ಮಾತ್ರ ಆ ನೆಲದ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯಿಂದ ಬಂದದ್ದು. ಅವರ ‘ಮಾಷ್ಕಿನೋಜೆ’ ಫ್ರೆಂಚರ ಬಾಯಿಗೆ ಬಿದ್ದು, ಆಮೇಲೆ ಇಂಗ್ಲಿಷರ ಬಾಯಿಗೆ ಬಿದ್ದು ಮಸ್ಕೆಲಂಜ್ ಆಗಿದೆ.

ನಮ್ಮಕ್ಕನ ಮಗ ಮಿನಿಯಾಪೊಲಿಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಮನೇಲಿ ಒಂದು ತಿಂಗಳಿದ್ದೆ. ಅವನ ಜೊತೆ ಕೆಲಸ ಮಾಡೋ ಒಬ್ಬರಿಗೆ ಮಸ್ಕಿ ಹುಚ್ಚು. ‘ನಿಮ್ಮ ಮಾವನ್ನ ಕರ್ಕೊಂಡು ಬಾ’ ಅಂದ್ರಂತೆ. ಅಕ್ಟೋಬರ್ ತಿಂಗಳು, ಎಲೆಗಳೆಲ್ಲ ಕೆಂಪಾಗಿದ್ದ ಕಾಲ. ಎರಡೂವರೆ ಮೂರು ಗಂಟೆ ಕಾರಲ್ಲಿ ಕೂತು ಹೇವರ್ಡ್ ಅನ್ನೋ ಪುಟ್ಟ ಊರಿಗೆ ಹೋದ್ವಿ. ಆ ಊರಲ್ಲಿ ಮೀನುಗಾರಿಕೆ ಮ್ಯೂಸಿಯಂ ಒಂದಿದೆ. ನಾಲ್ಕಂತಸ್ತಿನ ಎತ್ತರದ ಮಸ್ಕಿ ಮೀನು ಕಟ್ಟಿಟ್ಟಿದ್ದಾರೆ. ಅದರ ಹೊಟ್ಟೆಯೊಳಗೆ ಹತ್ತಿ ಹೋಗಿ ಬಾಯಲ್ಲಿ ನಿಂತು ಜನ ಫೋಟೊ ತೆಗೆಸ್ಕೋತಾರೆ. ನಾನೂ ತೆಗೆಸ್ಕೊಂಡೆ, ಮನೆಯವಳಿಗೆ ಕಳಿಸಿದ್ದಕ್ಕೆ ಒಂದು ನಗೋ ಮುಖ ಬಂತು.

ಸಂಜೆ ಕೆರೆ ಪಕ್ಕದ ಮರದ ಮನೇಲಿ ಆರು ಜನ ಕೂತಿದ್ವಿ. ಗೋಡೆ ಮೇಲೆಲ್ಲ ಮೀನು. ಮೊದಲಿನ ಕಾಲದವು ನಿಜವಾದ ಮೀನಿನ ಚರ್ಮ ತುಂಬಿಸಿದವು. ಈಗಿನವು ಫೈಬರ್‌ನವು. ಯಾಕಂದ್ರೆ ಈಗ ಮಸ್ಕಿ ಹಿಡಿದೋರು ಬಹುಪಾಲು ಅದನ್ನ ಮನೆಗೆ ತರಲ್ಲ. ಉದ್ದ ಅಳೆದು, ಹೊಟ್ಟೆ ಸುತ್ತಳತೆ ತಗೊಂಡು, ಫೋಟೊ ಹೊಡೆದು, ಬಾಲ ಹಿಡ್ಕೊಂಡು ನೀರಲ್ಲಿ ನಿಧಾನ ಆಡಿಸಿ ಬಿಟ್ಟುಬಿಡ್ತಾರೆ. ತೂಕಕ್ಕೂ ಒಂದು ಲೆಕ್ಕ ಇದೆ: ಸುತ್ತಳತೆಯನ್ನ ಸುತ್ತಳತೆಯಿಂದ ಗುಣಿಸಿ, ಉದ್ದದಿಂದ ಗುಣಿಸಿ, 800ರಿಂದ ಭಾಗಿಸೋದು. ಎಲ್ಲ ಇಂಚಿನಲ್ಲಿ. ಬರೋ ಉತ್ತರ ಪೌಂಡು.

ಆಮೇಲೆ ಶುರುವಾಯ್ತು ನೋಡಿ, ‘ನೀನು ಹಿಡಿದ ದೊಡ್ಡದು ಯಾವುದು?’ ಒಬ್ಬರು ನಿವೃತ್ತ ಲಾರಿ ಡ್ರೈವರು. ಹನ್ನೊಂದು ವರ್ಷ ಬರೀ ಸಣ್ಣದು ಸಿಕ್ಕು, ಹನ್ನೆರಡನೇ ವರ್ಷ ಹಿಮ ಬೀಳೋ ದಿನ 51 ಇಂಚಿನದು ಸಿಕ್ತಂತೆ. ಮಸ್ಕಿಗೆ ಒಂದು ಚಾಳಿ ಇದೆ, ಗಾಳದ ಹಿಂದೆಯೇ ದೋಣಿ ತನಕ ಬರುತ್ತೆ, ಕಚ್ಚಲ್ಲ, ಸುಮ್ಮನೆ ನೋಡುತ್ತೆ. ಅದಕ್ಕೆ ಅವರು ದೋಣಿ ಪಕ್ಕ ಕಡ್ಡಿ ತುದಿಯನ್ನ ನೀರೊಳಗೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿರುಗಿಸ್ತಾರೆ. ಆ ಮನುಷ್ಯ ಕುರ್ಚಿಯಿಂದ ಎದ್ದು, ಬರೀ ಕೈಯಲ್ಲಿ ಆ ಎಂಟು ತಿರುಗಿಸಿ ತೋರಿಸ್ತಾ ತೋರಿಸ್ತಾ ಕಣ್ಣಲ್ಲಿ ನೀರು ತಂದ್ಕೊಂಡ್ರು. ಅವತ್ತು ದೋಣೀಲಿ ಅವರ ಅಣ್ಣ ಇದ್ದರಂತೆ, ಮುಂದಿನ ಬೇಸಿಗೆಗೆ ಇರಲಿಲ್ಲವಂತೆ. ಒಳ್ಳೆ ಜನ ಸ್ವಾಮಿ. ಇದನ್ನ ಹೇಳಲೇಬೇಕು, ಯಾಕಂದ್ರೆ ಮುಂದೆ ಬರೆಯೋದನ್ನ ಓದಿ ನೀವು ಅವರ ಮೇಲೆ ಸಿಟ್ಟಾಗೋದು ಬೇಡ.

ನನ್ನನ್ನೂ ಕೇಳಿದ್ರು. ನಾನು ಅಪ್ಪನ ಮೀನಿನ ಕಥೆ ಹೇಳಿದೆ. ನಮ್ಮೂರ ಕೆರೆ ಕೋಡಿ ಬಿದ್ದ ವರ್ಷ. ನಾನು ನಾಕನೇ ಕ್ಲಾಸು. ಬಿದಿರು ಗಳುವಿಗೆ ದಾರ, ಬೆಂಡು, ಎರೆಹುಳ. ಕೊರವ ಮೀನಿಗೆ ಅಂತ ಹೋದ ಅಪ್ಪನಿಗೆ ಒಂದು ಕಾಟ್ಲಾ ಬಿತ್ತು. ಹೆಗಲ ಮೇಲೆ ಹಾಕ್ಕೊಂಡ್ರೆ ಬಾಲ ಸೊಂಟಕ್ಕೆ ಬಡೀತಿತ್ತು. ಏರಿ ಇಳಿಯೋ ಹೊತ್ತಿಗೆ ಊರಿನ ದೊಡ್ಡ ಮನೆಯ ಆಳು ಎದುರಿಗೆ ನಿಂತಿದ್ದ. ‘ಯಾರ ಕೆರೆ ಮೀನು ಇದು?’ ಅಂದ. ಅಪ್ಪ ಮಾತಾಡದೆ ಇಳಿಸಿಟ್ಟರು. ಸಂಜೆ ಒಂದು ತುಂಡು ಬಾಲ ಮುತ್ತುಗದ ಎಲೆಯಲ್ಲಿ ಸುತ್ತಿ ನಮ್ಮ ಹಟ್ಟಿಗೆ ಕಳಿಸಿದ್ರು, ಧರ್ಮಕ್ಕೆ ಕೊಟ್ಟ ಹಾಗೆ. ಅವ್ವ ಅದನ್ನ ಬೇಯಿಸಲಿಲ್ಲ, ನಾಯಿಗೆ ಹಾಕಿದಳು. ಆ ಬಾಲದ ಮೇಲೆ ನನಗಿದ್ದ ಆಸೆ ಇವತ್ತಿಗೂ ನಾಲಿಗೆ ಮೇಲಿದೆ.

ಅಕ್ಕನ ಮಗ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಲಾರಿ ಡ್ರೈವರು ಮೆಲ್ಲಗೆ ಕೇಳಿದ್ರು, ‘ಅಳತೆ ತಗೊಂಡಿದ್ರಾ?’

ನಗು ಬಂತು. ಆದ್ರೆ ಪ್ರಶ್ನೆ ಸರಿಯಾಗೇ ಇದೆ. ಯಾರ ಮೀನಿಗೆ ಅಳತೆ ಇರುತ್ತೆ, ಯಾರದಕ್ಕೆ ಇರಲ್ಲ? ನಮ್ಮ ಕಬಿನಿಯಲ್ಲಿ 1946ರಲ್ಲಿ ಹಿಡಿದ 120 ಪೌಂಡಿನ ಬಿಳಿಮೀನು ದಾಖಲೆಯಲ್ಲಿದೆ, ಹಿಡಿದ ಮೈಸೂರಿನ ವ್ಯಾನ್ ಇಂಗೆನ್ ಹೆಸರೂ ಇದೆ. ಆ ಹೊಳೆಯಲ್ಲಿ ಹುಟ್ಟಿ ಬೆಳೆದೋರು ಅದಕ್ಕಿಂತ ದೊಡ್ಡದು ಹಿಡಿದೇ ಇರಲಿಲ್ಲ ಅಂತ ಯಾರು ಹೇಳ್ತಾರೆ? ಅವರ ಮನೇಲಿ ತಕ್ಕಡಿ ಇರಲಿಲ್ಲ, ಅಷ್ಟೆ.

ಹೇವರ್ಡ್‌ನೋರು ಎದೆ ತಟ್ಕೊಂಡು ಹೇಳೋ ವಿಶ್ವದಾಖಲೆ ಇದು: 1949ರ ಅಕ್ಟೋಬರ್ 20, ಲೂಯಿ ಸ್ಪ್ರೇ ಅನ್ನೋ ಮನುಷ್ಯ, 69 ಪೌಂಡು 11 ಔನ್ಸು, ಉದ್ದ ಅರವತ್ಮೂರೂವರೆ ಇಂಚು. ಅಂದ್ರೆ ಸುಮಾರು ಮೂವತ್ತೊಂದೂವರೆ ಕೇಜಿ. ಮದ್ಯನಿಷೇಧದ ಕಾಲದಲ್ಲಿ ಕಳ್ಳಸಾರಾಯಿ ಮಾರ್ತಿದ್ದ ಆಸಾಮಿ ಅವನು. ದೋಣಿ ಹತ್ರ ಎಳೆದ ಮಸ್ಕಿಗೆ ಬಂದೂಕಿನಲ್ಲಿ ಹೊಡೆಯೋದು ಆಗ ಅಲ್ಲಿ ಅಪರಾಧ ಆಗಿರಲಿಲ್ಲ. ಈ ದಾಖಲೆ ಸುಳ್ಳು ಅನ್ನೋರೂ ಇದ್ದಾರೆ. 2005ರಲ್ಲಿ ಒಂದು ಗುಂಪು ಹಳೇ ಫೋಟೊಗಳನ್ನ ಲೆಕ್ಕ ಹಾಕಿಸಿ, ಮೀನು ಅಷ್ಟುದ್ದ ಇರೋಕೆ ಸಾಧ್ಯಾನೇ ಇಲ್ಲ ಅಂತ ತಕರಾರು ತೆಗೀತು. ಮ್ಯೂಸಿಯಂನವರು ಒಪ್ಪಲಿಲ್ಲ. ಅಂತಾರಾಷ್ಟ್ರೀಯ ಸಂಸ್ಥೆಯ ಪುಸ್ತಕದಲ್ಲಿ ಇರೋದು ಬೇರೆ ಮೀನು: ಅದೇ ವರ್ಷ ಜುಲೈನಲ್ಲಿ ಕ್ಯಾಲ್ ಜಾನ್ಸನ್ ಹಿಡಿದ 67 ಪೌಂಡು 8 ಔನ್ಸಿನದು. ಎಪ್ಪತ್ತು ಚಿಲ್ಲರೆ ವರ್ಷದಿಂದ ಈ ಎರಡು ಮೀನಿನ ಜಗಳ ನಡೀತಾನೇ ಇದೆ. ಆ ರಾತ್ರಿನೂ ಒಂದು ಗಂಟೆ ನಡೀತು.

ಮೀನು ಸಿಕ್ಕ ನೀರು ಯಾವುದು ಅನ್ನೋದರ ಬಗ್ಗೆ ಮಾತ್ರ ಯಾರೂ ಜಗಳ ಆಡಲಿಲ್ಲ. ಸ್ಪ್ರೇ ಮೀನು ಹಿಡಿದದ್ದು ಚಿಪ್ಪೆವಾ ಫ್ಲೋವೇಜ್‌ನಲ್ಲಿ. ಅದು ಕೆರೆಯಲ್ಲ, ಹಿನ್ನೀರು. ಚಿಪ್ಪೆವಾ ಅನ್ನೋದು ಒಜಿಬ್ವೆ ಅನ್ನೋ ಹೆಸರೇ ಇಂಗ್ಲಿಷರ ನಾಲಿಗೆಯಲ್ಲಿ ತಿರುಚಿಕೊಂಡದ್ದು. ವಿದ್ಯುತ್ ಕಂಪನಿಗೆ ನೀರು ಬೇಕಿತ್ತು. 1921ರಲ್ಲಿ 50 ವರ್ಷದ ಪರವಾನಗಿ ಸಿಕ್ತು. ಒಜಿಬ್ವೆ ಜನ ಬೇಡ ಅಂದ್ರು. 1923ರಲ್ಲಿ ಅಣೆಕಟ್ಟು ಮುಗಿದು ನೀರು ಏರಿತು. ಹದಿನೈದು ಸಾವಿರ ಎಕರೆಗೂ ಹೆಚ್ಚು. ಪಾಕ್ವಾವಾಂಗ್ ಅನ್ನೋ ಒಂದು ಇಡೀ ಊರು ಒಳಗೆ ಹೋಯ್ತು. ಅವರು ಪವಿತ್ರ ಅಂತ ಭಾವಿಸೋ ಕಾಡುಭತ್ತದ ಗದ್ದೆಗಳು ಹೋದವು. ಸಮಾಧಿಗಳನ್ನ ಬೇರೆ ಕಡೆ ಸಾಗಿಸ್ತೀವಿ ಅಂತ ಮಾತು ಕೊಟ್ಟಿದ್ರು, ಬಹಳಷ್ಟು ಸಾಗಿಸಲೇ ಇಲ್ಲ. ದಡಕ್ಕೆ ಮೂಳೆ ಬಂದು ಬೀಳ್ತಿದ್ದವು. ಅಮೆರಿಕದ ಮೂಲನಿವಾಸಿಗಳೆಲ್ಲರಿಗೂ ಪೌರತ್ವದ ಕಾನೂನು ಬಂದದ್ದು 1924ರಲ್ಲಿ. ಊರು ಮುಳುಗಿ ಒಂದು ವರ್ಷ ಆದ್ಮೇಲೆ.

ಅದೇ 1923ರ ಆಗಸ್ಟಿನಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ಅವರ ಠರಾವು ಪಾಸಾಗಿ ಸಾರ್ವಜನಿಕ ಕೆರೆ ಬಾವಿಗಳು ನಮಗೂ ತೆರೆದವು, ಕಾಗದದ ಮೇಲೆ. ಆ ಕಾಗದವನ್ನ ನೀರಿಗೆ ಇಳಿಸೋಕೆ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ನಡೀಬೇಕಾಯ್ತು. ಕೋರ್ಟಿನ ಕೊನೇ ತೀರ್ಪು ಬರೋಕೆ 1937 ಆಯ್ತು.

ಅವರದೂ ನಮ್ಮದೂ ಒಂದೇ ಅಂತ ಸುಮ್ಮನೆ ಹೇಳಿಬಿಡೋದು ನನಗೆ ಇಷ್ಟ ಇಲ್ಲ. ಅವರು ಒಂದು ರಾಷ್ಟ್ರವಾಗಿ ಇನ್ನೊಂದು ರಾಷ್ಟ್ರದ ಜೊತೆ ಒಪ್ಪಂದಕ್ಕೆ ಕೂತೋರು. ನಮ್ಮನ್ನ ಯಾವ ಒಪ್ಪಂದಕ್ಕೂ ಯಾರೂ ಕೂರಿಸಲಿಲ್ಲ, ಊರ ಹೊರಗೆ ಕೂರಿಸಿದ್ರು. 1837, 1842ರ ಒಪ್ಪಂದಗಳಲ್ಲಿ ಅವರು ನೆಲ ಬಿಟ್ಟುಕೊಟ್ಟರು, ಬೇಟೆ ಮತ್ತು ಮೀನಿನ ಹಕ್ಕು ಬಿಟ್ಟುಕೊಡಲಿಲ್ಲ. ಆದ್ರೂ 1974ರಲ್ಲಿ ಅಲ್ಲಿನ ಇಬ್ಬರು ಅಣ್ಣತಮ್ಮಂದಿರು ಮೀಸಲು ಪ್ರದೇಶದ ಗಡಿಯಾಚೆ, ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಈಟಿಯಿಂದ ಮೀನು ಹೊಡೆದದ್ದಕ್ಕೆ ಕೇಸು ಬಿತ್ತು. 1983ರಲ್ಲಿ ಫೆಡರಲ್ ಕೋರ್ಟು, ಹಕ್ಕು ಇನ್ನೂ ಜೀವಂತ ಇದೆ ಅಂತು.

ಆಮೇಲೆ ಏನಾಯ್ತು ಅನ್ನೋದನ್ನ ನನಗೆ ಹೇಳಿದ್ದು ಮರುದಿನ ಸಿಕ್ಕ ಒಬ್ಬ ಒಜಿಬ್ವೆ ಹೆಣ್ಣುಮಗಳು. ಐವತ್ತರ ಹತ್ತಿರ ವಯಸ್ಸು, ಶಾಲೆಯಲ್ಲಿ ಭಾಷೆ ಕಲಿಸ್ತಾರೆ. ಅವರ ಊರಿನ ಹೆಸರು ಬರೆಯೋದು ಲಾಕ್ ಕೂರ್ಟ್ ಒರೇಲ್ಸ್ ಅಂತ, ಬಾಯಲ್ಲಿ ‘ಲಕೂಡರೇ’. ವಸಂತ ಬಂದು ಮಂಜು ಕರಗಿದ ಕೂಡ್ಲೆ, ರಾತ್ರಿ ಹೊತ್ತು ದೋಣೀಲಿ ದೀಪ ಹಿಡಿದು ಈಟಿಯಿಂದ ಮೀನು ಹೊಡೆಯೋದು ಅವರ ಪದ್ಧತಿ. ಅಲ್ಲಿ ಲಾಕ್ ಡು ಫ್ಲಾಂಬೋ ಅಂತ ಇನ್ನೊಂದು ಊರಿದೆ, ಈ ಪಂಜುಗಳನ್ನ ನೋಡಿಯೇ ಫ್ರೆಂಚರು ಇಟ್ಟ ಹೆಸರು. ಕೋರ್ಟು ಹಕ್ಕು ಕೊಟ್ಟ ಮೇಲೆ ಎಂಬತ್ತರ ದಶಕದ ಕೊನೆಯಲ್ಲಿ ದೋಣಿ ಇಳಿಸೋ ದಡಗಳಲ್ಲಿ ನೂರಾರು ಬಿಳಿಯರು ಸೇರಿ ಕಲ್ಲು ತೂರೋರು, ಹೆಂಗಸರ ಬಗ್ಗೆ ಹೊಲಸು ಘೋಷಣೆ ಕೂಗೋರು. ‘ಮೀನು ಉಳಿಸಿ, ಇಂಡಿಯನ್ನರನ್ನ ಚುಚ್ಚಿ’ ಅನ್ನೋ ಅರ್ಥದ ಬೋರ್ಡು. ವಿರೋಧಕ್ಕೆ ದುಡ್ಡು ಎತ್ತೋಕೆ ‘ಟ್ರೀಟಿ ಬಿಯರ್’ ಅಂತ ಒಂದು ಬಿಯರ್ ಕೂಡ ಮಾರಿದ್ರು. ಮಂಡಲ್ ಕಾಲದಲ್ಲಿ ನಮ್ಮೋರ ಮುಂದೆ ಬೂಟ್ ಪಾಲಿಶ್ ಮಾಡಿ ಅಣಕಿಸಿದೋರ ನೆನಪಾಯ್ತು. ಮೀನೆಲ್ಲ ಖಾಲಿ ಮಾಡ್ತಾರೆ ಅನ್ನೋದು ಅವರ ವಾದ. 1991ರಲ್ಲಿ ಸರ್ಕಾರವೇ ಮಾಡಿಸಿದ ಅಧ್ಯಯನ, ಈಟಿಯಿಂದ ಮೀನಿನ ಸಂತತಿಗೆ ಏನೂ ಹಾನಿ ಆಗಿಲ್ಲ ಅಂತು. ಅವರ ಪ್ರತಿ ಮೀನೂ ದಡದಲ್ಲಿ ಲೆಕ್ಕ ಆಗುತ್ತೆ, ರಾತ್ರೋರಾತ್ರಿ, ಒಂದೊಂದಾಗಿ.

ಅವರನ್ನ ನಾನೂ ಅದೇ ಪ್ರಶ್ನೆ ಕೇಳಿದೆ. ನಿಮ್ಮ ದೊಡ್ಡ ಮಸ್ಕಿ? ‘ನನ್ನದಲ್ಲ, ಅಪ್ಪನದು’ ಅಂದ್ರು. ಅವರಿಗಾಗ ಹತ್ತು ವರ್ಷ. ಟ್ರಕ್ಕಿನಲ್ಲಿ ತಮ್ಮನನ್ನ ತೊಡೆ ಮೇಲೆ ಮಲಗಿಸ್ಕೊಂಡು ಕೂತಿದ್ರಂತೆ. ತಗಡಿನ ಮೇಲೆ ಕಲ್ಲು ಬೀಳ್ತಿತ್ತಂತೆ. ಅಪ್ಪ ವಾಪಸ್ ಬಂದಾಗ ಕೈಯಲ್ಲಿ ಅವರ ಎತ್ತರದ್ದೇ ಮೀನು. ಅಧಿಕಾರಿ ಅಳೆದು ಪುಸ್ತಕದಲ್ಲಿ ಬರೆದ. ‘ಎಷ್ಟು ಇಂಚು ಅಂತ ಅಪ್ಪ ಕೇಳಲೇ ಇಲ್ಲ. ಮೂರು ಮನೆ ಮುದುಕರಿಗೆ ಆಯ್ತು’ ಅಂದ್ರು. ಹಿಡಿದು ಆಟ ಆಡಿಸಿ ಬಿಡೋದು ಅವರಿಗೆ ಸರಿ ಕಾಣಲ್ಲ, ಅನ್ನದ ಜೊತೆ ಆಟ ಅಂತಾರೆ. ಲಾರಿ ಡ್ರೈವರಿಗೆ ಈಟಿ ಸರಿ ಕಾಣಲ್ಲ. ಈ ವಿಷಯದಲ್ಲಿ ನಾನು ನ್ಯಾಯ ಹೇಳೋಕೆ ಹೋಗಲ್ಲ, ಎರಡು ಕಡೆಯೂ ಮೀನು ತಿಳಿದೋರೇ.

ಅಂದಹಾಗೆ, 1971ರಲ್ಲಿ ಆ 50 ವರ್ಷದ ಪರವಾನಗಿ ಮುಗಿದಾಗ ಒಜಿಬ್ವೆ ಜನ ಹೋಗಿ ಅಣೆಕಟ್ಟಿನ ಮೇಲೇ ಕೂತುಬಿಟ್ರು. ವರ್ಷಗಟ್ಟಲೆ ಮಾತುಕತೆ ಆಗಿ ಕೊನೆಗೆ ಅಲ್ಲಿ ತಮ್ಮದೇ ವಿದ್ಯುತ್ ಘಟಕ ಹಾಕ್ಕೊಂಡ್ರು.

ಆ ಹೆಣ್ಣುಮಗಳು ಹೇಳಿದ ಇನ್ನೊಂದು ಮಾತಿಗೆ ಈ ಪೋಸ್ಟು. ಆ ರಾತ್ರಿಗಳಲ್ಲಿ ದಡದ ಮೇಲೆ ಇನ್ನೊಂದಷ್ಟು ಜನ ಬರ್ತಿದ್ರಂತೆ, ಬಹುಪಾಲು ಬಿಳಿಯರೇ. ಸಾಕ್ಷಿಗಳು ಅಂತ ಅವರ ಹೆಸರು. ಘೋಷಣೆ ಇಲ್ಲ, ವಾದ ಇಲ್ಲ. ಒಜಿಬ್ವೆ ಕುಟುಂಬಗಳ ಪಕ್ಕ ನಿಲ್ಲೋದು, ನೋಡಿದ್ದನ್ನ ಬರ್ಕೊಳ್ಳೋದು, ಅಷ್ಟೇ. ‘ಅವರ ಹೆಸರು ನನಗೆ ಗೊತ್ತಿಲ್ಲ, ಟ್ರಕ್ಕಿನ ಕಿಟಕಿ ಪಕ್ಕ ನಿಂತಿದ್ದೋಳ ಹಸಿರು ಕೋಟು ಗೊತ್ತು’ ಅಂದ್ರು.

ನಮ್ಮೂರ ಕೆರೆ ಮೀನಿನ ಹರಾಜು ಮುಂದಿನ ತಿಂಗಳು ಪಂಚಾಯ್ತಿ ಮುಂದೆ. ಈ ಸಲ ನಮ್ಮ ಕಾಲೋನಿ ಹುಡುಗರು ಸಂಘ ಮಾಡ್ಕೊಂಡು ಕೂಗ್ತಾರೆ. ಠೇವಣಿ ದುಡ್ಡು ಸೇರಿದೆ, ಅರ್ಧ ಹೆಣ್ಣುಮಕ್ಕಳ ಸ್ವಸಹಾಯ ಗುಂಪಿನದು. ‘ನೀವು ಹಿಡಿದ ಮೀನು ಯಾರು ತಗೋತಾರೆ’ ಅಂತ ಆಗಲೇ ಒಬ್ಬರು ಟೀ ಅಂಗಡೀಲಿ ಅಂದಿದ್ದಾರೆ. ತಹಶೀಲ್ದಾರರಿಗೂ ಠಾಣೆಗೂ ಅರ್ಜಿ ಕೊಟ್ಟಾಗಿದೆ. ಜಗಳಕ್ಕಲ್ಲ, ಭಾಷಣಕ್ಕೂ ಅಲ್ಲ, ಬಂದು ನಿಲ್ಲೋಕೆ ಒಂದು ಇಪ್ಪತ್ತು ಜನ ಬೇಕು. ಬೆಳಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನ ಮುದ್ದೆ ಊಟ ನಮ್ಮ ಮನೇಲಿ. ಬರೋರು ಇನ್‌ಬಾಕ್ಸ್ ಮಾಡಿ, ದಿನಾಂಕ ಊರು ಎರಡೂ ಹೇಳ್ತೀನಿ. ಒಂದು ನೋಟ್‌ಬುಕ್ಕು ಪೆನ್ನು ತನ್ನಿ.

ಜೈ ಭೀಮ್.