ಚಾಪೆಯ ಕೆಳಗೆ

ಶ್ರೀಮತಿಯವರನ್ನು ವಾರಕ್ಕೆರಡು ಬಾರಿ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದಾಗ ನಾವು ಕಾಸರಗೋಡಿನಲ್ಲಿ 13 ವರ್ಷ ಹಳೆಯ ಕಾರೊಂದನ್ನು ಕೊಂಡೆವು. ಉತ್ತರಪತ್ರಿಕೆಗಳ ದುಂಡು ಅಕ್ಷರಕ್ಕೆ ಎಂದೂ ಮರುಳಾಗದ ನಾವು ಹೊಸ ಬಣ್ಣದ ಹೊಳಪಿಗೆ ಮರುಳಾದೆವು. ಕಡಲ ಉಪ್ಪುಗಾಳಿ ಅಡಿಯ ತಗಡನ್ನು ಆಗಲೇ ತಿಂದಿತ್ತು. ಮೊದಲ ಮಳೆಗೇ ಕಾಲಡಿಯ ಚಾಪೆ ತೊಯ್ದಿತು. ಆಟಿಯ ಒಂದು ಬೆಳಗ್ಗೆ ಉಪ್ಪಳದ ಬಳಿ ರೇಡಿಯೇಟರಿನ ಹಳೆಯ ರಬ್ಬರು ಕೊಳವೆ ಒಡೆದು, ಇಂಜಿನು ಕಾದು ನಿಂತಿತು. ಶ್ರೀಮತಿಯವರು ಒಬ್ಬರೇ ಬಸ್ಸು ಹತ್ತಿದರು. ನಾವು ಕಾರಿಗೆ ಕಾವಲು ನಿಂತೆವು. "ಮಾಷ್ಟ್ರೇ, ತಗೊಳ್ಳುವ ಮೊದಲು ಚಾಪೆ ಎತ್ತಿ ನೋಡಲಿಲ್ಲವಾ?" ಎಂದ ಮೆಕ್ಯಾನಿಕನಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. 15 ವರ್ಷ ತುಂಬಿ, ನೋಂದಣಿ ನವೀಕರಣದ ತಪಾಸಣೆಗೆ ಒಯ್ಯುವ ಹೊತ್ತಿಗೆ ಬೆಸುಗೆಯ ಖರ್ಚು ಕಾರಿನ ಬೆಲೆಯನ್ನೇ ಮೀರಿತ್ತು. ಗುಜರಿಗೆ ಕೊಟ್ಟ ದಿನ ಶ್ರೀಮತಿಯವರು ತಮ್ಮ ಔಷಧದ ಚೀಟಿಗಳನ್ನಷ್ಟೇ ಅದರಿಂದ ಹುಡುಕಿ ತೆಗೆದುಕೊಂಡರು.