ನರಸೀಪುರದ ಮಾವನ ಲೋಟ

ನಂಜನಗೂಡಿನವರಿಗೆ ನೂಡಲ್ಸ್ ಹೊಸದೇನಲ್ಲ. ನಮ್ಮೂರ ಕೈಗಾರಿಕಾ ಪ್ರದೇಶದ ನೆಸ್ಲೆ ಫ್ಯಾಕ್ಟರಿಯಲ್ಲೇ ಮ್ಯಾಗಿ ತಯಾರಾಗುತ್ತೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ಇರುತ್ತೆ, ಯಾರ ಮನೆ ಮಕ್ಕಳಾದರೂ ತಿಂತಾರೆ. ಹಾಗಾಗಿ ಟೋಕಿಯೋಗೆ ಹೋದ ಮೊದಲ ವಾರ ಆಫೀಸಿನವರು ರಾಮೆನ್ ತಿನ್ನೋಕೆ ಕರೆದಾಗ ಖುಷಿಯಿಂದಲೇ ಹೊರಟೆ. ಹಂದಿ ಮಾಂಸ ಮಾತ್ರ ಬೇಡ ಅಂದೆ. ಜೊತೆಗಿದ್ದವನು ಅಂಗಡಿಯವರಿಗೆ ಹೇಳಿ, ಮಾಂಸದ ತುಂಡು ಹಾಕದೆ ಒಂದು ಬಟ್ಟಲು ತರಿಸಿಕೊಟ್ಟ. ಹಾಲಿನಂಥ ಬಿಳಿ ಸೂಪು. ಬಟ್ಟಲೆತ್ತಿ ಕೊನೇ ಗುಟುಕಿನವರೆಗೂ ಕುಡಿದೆ.

ಅದು ಟೊಂಕೊತ್ಸು, ಅಂದರೆ ಹಂದಿ ಮೂಳೆ, ಅಂತ ಗೊತ್ತಾಗಿದ್ದು ಎರಡು ದಿನ ಆದಮೇಲೆ. ಮೂಳೆಯನ್ನ ಗಂಟೆಗಟ್ಟಲೆ ಕುದಿಸಿ ಕುದಿಸಿ ಅದರ ಸಾರವೆಲ್ಲ ನೀರಿಗಿಳಿದಾಗ ಆ ಬಿಳಿ ಬಣ್ಣ ಬರೋದಂತೆ. ಅವನು ಸುಳ್ಳು ಹೇಳಿರಲಿಲ್ಲ. ಅವನ ಲೆಕ್ಕದಲ್ಲಿ ಮಾಂಸ ಬೇರೆ, ಸೂಪು ಬೇರೆ. ನನಗೆ ಮಾತ್ರ ಎರಡು ದಿನ ಹೊಟ್ಟೆಯೊಳಗೆ ಏನೋ ಕೂತ ಹಾಗೆ. ಸಿಟ್ಟು ಬಂದಿದ್ದಕ್ಕಿಂತ ಹೆಚ್ಚಾಗಿ ನನಗೆ ನರಸೀಪುರದ ಮಾವ ನೆನಪಾದರು.

ಅಬ್ಬಾ ಕೆಲಸ ಮಾಡಿದ್ದು ಟಿ. ನರಸೀಪುರದ ರೇಷ್ಮೆ ಫ್ಯಾಕ್ಟರಿಯಲ್ಲಿ. ಮೈಸೂರು ಸಿಲ್ಕ್ ಸೀರೆಗೆ ಬೇಕಾದ ನೂಲು ತೆಗೆಯೋದು ಅಲ್ಲಿ. ದಿನಾ ನಂಜನಗೂಡಿಂದ ಬಸ್ಸು. ಮಾವ ಅವರ ಜೊತೆ ಕೆಲಸ ಮಾಡ್ತಿದ್ದವರು, ಲಿಂಗಾಯತರು. ಹಬ್ಬಕ್ಕೆ ತಪ್ಪದೆ ನಮ್ಮನೆಗೆ ಬರೋರು, ರಸಬಾಳೆ ಚಿಪ್ಪು ಹಿಡ್ಕೊಂಡು. ಸೊರಗು ರೋಗ ಬಂದು ರಸಬಾಳೆ ಕಾಣೋದೇ ಅಪರೂಪ ಆದಮೇಲೂ ಎಲ್ಲಿಂದಲೋ ಹುಡುಕಿ ತರೋರು. ಅವರಿಗೆ ಅಂತಲೇ ಅಮ್ಮಿ ಒಂದು ಸ್ಟೀಲ್ ಲೋಟ, ಒಂದು ಪುಟ್ಟ ಪಾತ್ರೆಯನ್ನ ಪೇಪರ್ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಳು. ಅದಕ್ಕೆ ಮಾಂಸದ ಸೌಟು ಯಾವತ್ತೂ ತಾಗಿದ್ದಿಲ್ಲ. ಮಾವ ಅದರಲ್ಲಿ ಮಾಡಿದ ಟೀ ಮಾತ್ರ ಕುಡಿಯೋರು.

ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಇದು ನನಗೆ ಅವಮಾನ ಅನ್ನಿಸೋಕೆ ಶುರುವಾಯ್ತು. ನಮ್ಮ ಲೋಟ ಆಗಲ್ಲ ಅಂದ್ರೆ ಬರೋದ್ಯಾಕೆ? ಅಬ್ಬಾನ ಕೇಳಿದರೆ, ‘ಅವನು ಬರ್ತಾನಲ್ಲ, ಸಾಕು’ ಅನ್ನೋರು. ಟಿಪ್ಪು ನಮ್ಮೂರ ನಂಜುಂಡೇಶ್ವರನಿಗೆ ಪಚ್ಚೆಲಿಂಗ ಕೊಟ್ಟು ‘ಹಕೀಂ ನಂಜುಂಡ’ ಅಂತ ಕರೆದನಂತೆ ಅನ್ನೋ ಕತೆ ಬೇರೆ. ಊರೆಲ್ಲ ಹೆಮ್ಮೆಯಿಂದ ಅದನ್ನ ಹೇಳುತ್ತೆ, ಒಂದು ಲೋಟಕ್ಕೆ ಇಷ್ಟು ಕಷ್ಟವಾ ಅಂತ ನನ್ನ ತಕರಾರು.

ಬಕ್ರೀದ್ ಮಾರನೇ ದಿನ ಮಾವ ಬಂದಾಗ ಟೀ ಮಾಡಿದ್ದು ನಾನು. ಅಟ್ಟದಿಂದ ಏನೂ ಇಳಿಸಲಿಲ್ಲ. ಹಿಂದಿನ ರಾತ್ರಿ ನಾನು ಪಾಯಾ ಕುಡಿದ ಲೋಟದಲ್ಲೇ ಕೊಟ್ಟೆ. ‘ಟೀ ಚೆನ್ನಾಗಿದೆ ಕಣಪ್ಪ’ ಅಂದರು. ಗೆದ್ದೆ ಅಂದ್ಕೊಂಡೆ. ಇವತ್ತಿಗೂ ಯಾರಿಗೂ ಹೇಳಿಲ್ಲ.

ಅವನು ಗೊತ್ತಿಲ್ಲದೆ ಕೊಟ್ಟ, ನಾನು ಗೊತ್ತಿದ್ದೇ ಕೊಟ್ಟೆ. ಅದೂ ಇದೂ ಮೂಳೆ ಸೂಪೇ.

ಕಳೆದ ವರ್ಷ ಅಬ್ಬಾ ಬಂದರು. ಜಪಾನ್ ಅಂದ್ರೆ ಅವರಿಗೆ ಗೊತ್ತಿದ್ದಿದ್ದು ರೇಷ್ಮೆಗೂಡು ಮಾತ್ರ. ಮೂರು ದಿನ ಮನೆ ಅನ್ನ ಮತ್ತು ಫಿಲಿಪೀನ್ಸ್ ಬಾಳೆಹಣ್ಣಿನಲ್ಲೇ ಕಳೆದರು. (‘ಇದಕ್ಕೂ ಬಾಳೆಹಣ್ಣು ಅಂತಾರಾ?’) ನಾಲ್ಕನೇ ದಿನ ಅಸಕುಸಾಗೆ ಕರ್ಕೊಂಡು ಹೋದೆ. ಸೆನ್ಸೋಜಿ ದೇವಸ್ಥಾನದ ಎದುರಿನ ಬೀದಿ, ಎರಡೂ ಕಡೆ ಅಂಗಡಿ ಸಾಲು, ನೋಡಿ ‘ನಮ್ಮ ರಥಬೀದಿ ಥರಾನೇ’ ಅಂದರು. ಅಲ್ಲೇ ಹತ್ತಿರದಲ್ಲಿ ನಾರಿತಾಯ ಅಂತ ಹಲಾಲ್ ರಾಮೆನ್ ಅಂಗಡಿ ಇದೆ, ಸೂಪು ಕೋಳಿಯದು.

ರಾಮೆನ್ ಹಲಾಲ್ ಮಾಡೋದು ಹಂದಿ ತೆಗೆದು ಕೋಳಿ ಹಾಕಿದಷ್ಟು ಸುಲಭ ಅಲ್ಲ. ಕೋಳಿ ನಮ್ಮ ರೀತಿಯಲ್ಲಿ ಕೊಯ್ದಿರಬೇಕು. ಬಟ್ಟಲಿನ ತಳಕ್ಕೆ ಹಾಕೋ ರುಚಿಯ ರಸದಲ್ಲಿ ಸಾಮಾನ್ಯವಾಗಿ ಮಿರಿನ್, ಸಾಕೆ ಅಂತ ಅಕ್ಕಿಯ ಮದ್ಯ ಇರುತ್ತೆ. ಸೋಯಾ ಸಾಸ್ ಹುಳಿ ಬರುವಾಗಲೇ ಸ್ವಲ್ಪ ಆಲ್ಕೋಹಾಲ್ ಹುಟ್ಟುತ್ತೆ. ಮೇಲೆ ತೇಲೋ ಎಣ್ಣೆ ಹಂದಿ ಕೊಬ್ಬಿನದ್ದೂ ಆಗಿರಬಹುದು. ನಿಶ್ಚಿಂತೆ ಅನ್ನಿಸೋದು ನೂಡಲ್ಸ್ ಒಂದೇ: ಗೋಧಿ ಹಿಟ್ಟು, ಉಪ್ಪು, ಕಾನ್ಸುಯಿ ಅನ್ನೋ ಕ್ಷಾರದ ನೀರು. ಅದರಲ್ಲೂ ಕೆಲವರು ಮೊಟ್ಟೆ ಹಾಕ್ತಾರೆ, ಅದು ನಮಗೆ ತೊಂದರೆಯಿಲ್ಲ, ಮಾವನಿಗೆ ಆಗಲ್ಲ.

ಇದನ್ನೆಲ್ಲ ವಿವರಿಸಿದೆ. ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: ‘ಪಾತ್ರೆ?’

ಫೋನಿನ ಅನುವಾದದಲ್ಲಿ ಅಂಗಡಿ ಹುಡುಗನನ್ನ ಕೇಳಿದೆ. ಇಲ್ಲಿ ಹಂದಿ ಬರೋದೇ ಇಲ್ಲ ಅಂದ. ನಗಲಿಲ್ಲ, ಬೇಸರನೂ ಮಾಡ್ಕೊಳ್ಳಲಿಲ್ಲ. ದಿನಕ್ಕೆ ಎಷ್ಟು ಸಲ ಹೇಳ್ತಾನೋ ಪಾಪ. ಅಬ್ಬಾ ಬಿಸ್ಮಿಲ್ಲಾ ಅಂದು ಶುರು ಮಾಡಿದರು. ಕಡ್ಡಿ ಬಿಟ್ಟು ಫೋರ್ಕ್ ಹಿಡಿದರು. ‘ಪಾಯಾ ಮಾಡೋಕೆ ಹೋಗಿ ಮಸಾಲೆ ಮರ್ತಿದ್ದಾರೆ’ ಅಂತ ಗೊಣಗಿ, ಬಟ್ಟಲೆತ್ತಿ ಪೂರ್ತಿ ಕುಡಿದರು. ನನಗೆ ತಲೆ ಎತ್ತೋಕೆ ಆಗ್ತಿರಲಿಲ್ಲ.

ಆಚೆ ಬಂದು ಮಾವನಿಗೆ ಅಂತ ಒಂದು ಸಿಹಿ ಡಬ್ಬಿ ಎತ್ತಿಕೊಂಡರು. ಚಂದದ ಡಬ್ಬಿ. ‘ಏನೇನು ಹಾಕಿದಾರೆ ನೋಡು. ಅವನು ಮೊಟ್ಟೆನೂ ಮುಟ್ಟಲ್ಲ.’ ಡಬ್ಬಿ ಹಿಂದಿನ ಅಕ್ಷರಕ್ಕೆ ಫೋನ್ ಹಿಡಿದೆ. ಮೊಟ್ಟೆ ಇರಲಿಲ್ಲ, ಜೆಲಾಟಿನ್ ಇತ್ತು. ಅಂದ್ರೇನು ಅಂದರು. ಪ್ರಾಣಿ ಮೂಳೆ, ಚರ್ಮದಿಂದ ಮಾಡೋದು ಅಂದೆ.

‘ವಾಪಸ್ ಇಡು. ಅವನಿಗೆ ಗೊತ್ತಾಗಲ್ಲ, ನಮಗೆ ಗೊತ್ತಲ್ಲ.’

ಇಟ್ಟೆ. ಇನ್ನೂ ನಾಲ್ಕು ಡಬ್ಬಿ ನೋಡಿ, ಕೊನೆಗೆ ಬರೀ ಗ್ರೀನ್ ಟೀ ಪುಡಿ ತಗೊಂಡ್ವಿ. ಲೋಟದ ವಿಷಯ ಬಾಯಿಗೆ ಬಂತು. ಅಷ್ಟರಲ್ಲಿ ಅಬ್ಬಾ ದುಡ್ಡು ಕೊಡೋಕೆ ಮುಂದೆ ಹೋಗಿದ್ದರು.